ಪೇಟೆಯ ನಡುವಿನ ಫ್ಲ್ಯಾಟು: ಬಾಡಿಗೆಗೆ ಹಿಡಿಯುವ ಮುನ್ನ

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಕಾಫಿ ಕುಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸರಿಯಾಗಿ, "ಅಪ್ಪಯ್ಯ, ಚರ್ಚ್ ಸ್ಟ್ರೀಟ್ ಹತ್ತಿರ ಒಳ್ಳೆಯ ಫ್ಲ್ಯಾಟು ಸಿಕ್ಕಿದೆ, ಅಡ್ವಾನ್ಸಿಗೆ ದುಡ್ಡು ಬೇಕಿತ್ತು" ಎಂಬ ಫೋನು ಬರುತ್ತದೆ. ಕಳೆದ ವರ್ಷ ನಮ್ಮ ಮನೆಗೂ ಇಂಥದೇ ಕರೆ ಬಂತು. ಆಗ ಓಡಾಡಿ ತಿಳಿದುಕೊಂಡದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮುಂಗಡದ ಲೆಕ್ಕ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹಳ ಕಾಲದಿಂದ ಇದೆ. ಬಾಡಿಗೆ 60,000 ರೂ. ಆದರೆ ಮುಂಗಡ 6 ಲಕ್ಷ. ಆ ಹಣಕ್ಕೆ ಶೇ. 7ರ ಬಡ್ಡಿ ಹಿಡಿದರೂ ವರ್ಷಕ್ಕೆ 42,000 ರೂ. ನಷ್ಟ. ಎಂದರೆ ನಿಜವಾದ ಬಾಡಿಗೆ 63,500 ರೂ. ಇದರ ಮೇಲೆ ಲಿಫ್ಟು, ಕಾವಲುಗಾರ, ಜನರೇಟರಿನ ನಿರ್ವಹಣಾ ವೆಚ್ಚ. ಬಿಡುವಾಗ ಬಣ್ಣ ಬಳಿಯುವುದಕ್ಕೆಂದು ಒಂದು ತಿಂಗಳ ಬಾಡಿಗೆಯ ಮುರಿತ.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗೆ ಮೀರಿದ ಠೇವಣಿ ಕೂಡದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವು ಅದನ್ನು ಕಾನೂನಾಗಿ ಮಾಡಿಕೊಂಡರಷ್ಟೇ ಮಾಲೀಕರನ್ನು ಕಟ್ಟಿಹಾಕೀತು. ಚೌಕಾಸಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾವು ಕೇಳಿದೆವು, ಹತ್ತು ತಿಂಗಳು ಆರಕ್ಕೆ ಇಳಿಯಿತು.

ಅಳತೆಯ ಮೋಸ

1,500 ಚದರಡಿ ಎಂದಾಗ ಅದು 'ಸೂಪರ್ ಬಿಲ್ಟಪ್' ಅಳತೆಯೋ, 'ಕಾರ್ಪೆಟ್' ಅಳತೆಯೋ ಕೇಳಬೇಕು. ಮೊದಲನೆಯದರಲ್ಲಿ ಮೆಟ್ಟಿಲು, ಓಣಿ, ಲಿಫ್ಟುಗಳ ಪಾಲೂ ಸೇರಿರುತ್ತದೆ. ಹಣ್ಣು ಕಾಫಿಯ ತೂಕಕ್ಕೆ ಬೇಳೆಯ ದರ ಕೊಟ್ಟಂತೆ ಆಗಬಾರದು.

ರಾತ್ರಿ ಹೋಗಿ ನೋಡಿ

ನಾವು ಫ್ಲ್ಯಾಟು ನೋಡಿದ್ದು ಮಂಗಳವಾರ ಬೆಳಿಗ್ಗೆ, ದೇವಸ್ಥಾನದಂತೆ ನಿಶ್ಶಬ್ದ. ಮಗನ ಒತ್ತಾಯಕ್ಕೆ ಕೂಡಲೇ ಒಪ್ಪದೆ ಶನಿವಾರ ರಾತ್ರಿ ಮತ್ತೆ ಹೋದೆವು. ಕೆಳಗಿನ ಬಾರಿನ ಸಂಗೀತಕ್ಕೆ ಕಿಟಕಿಯ ಗಾಜು ಅದುರುತ್ತಿತ್ತು! 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬಲ್ ಮಿತಿ. ಪೇಟೆಯ ನಡುವೆ ಯಾವ ಮಿತಿ ಅನ್ವಯಿಸುತ್ತದೆಂಬುದನ್ನು ಮೊದಲೇ ವಿಚಾರಿಸಬೇಕು. ನೀರಿನ ವಿಷಯವೂ ಹಾಗೆಯೇ. 2024ರ ಬೇಸಿಗೆಯಲ್ಲಿ ಬೆಂಗಳೂರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಕಾವೇರಿ ನೀರೋ, ಕೊಳವೆಬಾವಿಯೋ, ಟ್ಯಾಂಕರೋ ಎಂದು ಕಾವಲುಗಾರನನ್ನು ಕೇಳಿದರೆ ದಲ್ಲಾಳಿಗಿಂತ ಸರಿಯಾದ ಉತ್ತರ ಸಿಗುತ್ತದೆ.

ಕಾಗದಪತ್ರ

ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರು ಹುಟ್ಟಿದ್ದು ಇದನ್ನು ತಪ್ಪಿಸಲೆಂದೇ. 1999ರ ಕರ್ನಾಟಕ ಬಾಡಿಗೆ ಕಾಯಿದೆ ತಿಂಗಳಿಗೆ 3,500 ರೂ. ಮೀರಿದ ಮನೆಗಳಿಗೆ ಅನ್ವಯಿಸದು. ಆದ್ದರಿಂದ ದೊಡ್ಡ ಬಾಡಿಗೆಯ ಮನೆಯಲ್ಲಿ ಕರಾರಿನಲ್ಲಿ ಬರೆದದ್ದೇ ನಮಗೆ ಮುಖ್ಯ ರಕ್ಷೆ. ಮುಂಗಡ ಎಷ್ಟು ದಿನದಲ್ಲಿ ವಾಪಸು, ಏನೇನು ಮುರಿತ, ಎಷ್ಟು ನೋಟೀಸು ಎಂಬುದನ್ನು ಸ್ಪಷ್ಟವಾಗಿ ಬರೆಸಿರಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ.

ಬಾಡಿಗೆ ತಿಂಗಳಿಗೆ 50,000 ರೂ. ಮೀರಿದರೆ ಬಾಡಿಗೆದಾರನೇ ಆದಾಯ ತೆರಿಗೆ ಮುರಿದು ಕಟ್ಟಬೇಕು. 2024ರ ಅಕ್ಟೋಬರಿನಿಂದ ದರ ಶೇ. 2. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ 14,400 ರೂ. ಮಾಲೀಕರು ವಿದೇಶವಾಸಿಗಳಾದರೆ ಲೆಕ್ಕವೇ ಬೇರೆ. ಆಡಿಟರನ್ನು ಕೇಳುವುದು ಲೇಸು.

ಬಾಡಿಗೆಯಿಲ್ಲದೆ ಇಡಿಗಂಟು ಪಡೆಯುವ 'ಲೀಸ್' ಪದ್ಧತಿಯಲ್ಲಿ ಇನ್ನೂ ಎಚ್ಚರ ಬೇಕು. ಮನೆ ಬ್ಯಾಂಕಿಗೆ ಅಡವಾಗಿದ್ದು, ಮಾಲೀಕರು ಸಾಲ ತೀರಿಸದಿದ್ದರೆ ನಮ್ಮ ಗಂಟಿಗೇ ಸಂಚಕಾರ. ಋಣಭಾರ ಪತ್ರ ನೋಡದೆ ಒಂದು ಪೈಸೆಯನ್ನೂ ಕೊಡಬೇಡಿ.

ಕೊನೆಗೆ ನಮ್ಮ ಹುಡುಗ ಎಂ.ಜಿ. ರಸ್ತೆಯಿಂದ ಮೆಟ್ರೋದಲ್ಲಿ ಎರಡನೆಯ ನಿಲ್ದಾಣವಾದ ಹಲಸೂರಿನ ಬಳಿ, ಕಡಿಮೆ ಬಾಡಿಗೆಯ ಮನೆ ಹಿಡಿದ. ಪೇಟೆಯ ಗೌಜು ಬೇಕೆನಿಸಿದಾಗ ಹೋಗಿಬರುತ್ತಾನೆ. ರಾತ್ರಿ ನಿದ್ದೆಯನ್ನೂ ಮಾಡುತ್ತಾನೆ. ಉಳಿದ ಹಣದಲ್ಲಿ ನಾವು ತೋಟಕ್ಕೆ ಗೊಬ್ಬರ ಹಾಕಿಸಿದೆವು.