ಅಜ್ಜನ ಅಂಬಾಸಿಡರ್‌ಗೆ ವಯಸ್ಸೆಷ್ಟು?

ಹಳೇ ಕಾರಿನ ಜಾಹೀರಾತಿನಲ್ಲಿ ಯಾವುದನ್ನೂ ನಂಬಬಹುದು, ಮಾಡೆಲ್ ಇಸವಿಯನ್ನು ಮಾತ್ರ ನಂಬಬಾರದು. ಮಾರುವವರು ಬೇಕೆಂದೇ ಸುಳ್ಳು ಹೇಳುತ್ತಾರೆ ಅಂತಲ್ಲ. ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದದ್ದನ್ನೇ ಬರೆದಿರುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಪ್ಪನ ಗ್ಯಾರೇಜ್ ಇದೆಯಲ್ಲ, ಇಂಥವನ್ನು ತುಂಬ ನೋಡಿದ್ದೇನೆ.

ಸಿರುಗುಪ್ಪದ ನನ್ನ ಗೆಳೆಯನಿಗೆ ಅಜ್ಜನ ಅಂಬಾಸಿಡರ್ ಮಾರಬೇಕಿತ್ತು. ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆ. ‘1968ರ ಮಾಡೆಲ್, ವಿಂಟೇಜ್’ ಎಂದು ಹಾಕಿದ್ದ. ಫೋಟೊ ನೋಡಿದ ಬೆಂಗಳೂರಿನವರೊಬ್ಬರು, ‘ಇದು 75ರ ಈಚಿನದು, ಗುಜರಿ ರೇಟಿಗಾದರೆ ಕೊಡಿ’ ಎಂದರಂತೆ.

ಇಸವಿಗೆ ಇಷ್ಟು ಬೆಲೆ ಏಕೆ? ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನ ಮಾತ್ರ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆಯದೇ ನಂಬರ್ ಸಿಗುತ್ತದೆ.

ಸಿರುಗುಪ್ಪಕ್ಕೆ ಹೋದೆ. ಭತ್ತದ ಚೀಲಗಳ ಹಿಂದೆ ಕಾರು ನಿಂತಿತ್ತು. ಅಂಬಾಸಿಡರ್‌ನ ವಯಸ್ಸು ಮೊದಲು ಕಾಣುವುದು ಮುಂದಿನ ಗ್ರಿಲ್‌ನಲ್ಲಿ. ಚದುರಂಗದ ಮನೆಗಳ ಹಾಗಿದ್ದರೆ ಮಾರ್ಕ್ 2. ಅಡ್ಡ ಪಟ್ಟಿಗಳಿದ್ದರೆ 1975ರ ನಂತರದ ಮಾರ್ಕ್ 3. ಇದರಲ್ಲಿದ್ದದ್ದು ಅಡ್ಡ ಪಟ್ಟಿ! ಬೆಂಗಳೂರಿನವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗ್ರಿಲ್ ಅಂದರೆ ನಾಲ್ಕಾರು ಸ್ಕ್ರೂಗಳ ಕೆಲಸ, ಎಲ್ಲಿ ಬೇಕಾದರೂ ಬದಲಾಗಿರುತ್ತದೆ. ನಂಬರ್ ‘ಎಂವೈ’ಯಿಂದ ಶುರುವಾದರೂ ಸಾಲದು, ರಾಜ್ಯದ ಹೆಸರು ಬದಲಾದ ಮೇಲೂ ಆ ಅಕ್ಷರಗಳು ಕೆಲಕಾಲ ಓಡಿವೆ.

‘ಅಜ್ಜೀ, ಕಾರಿನ ಬುಕ್ ಎಲ್ಲೈತ್ರೀ?’ ಎಂದೆ. ಟ್ರಂಕಿನ ತಳದಿಂದ, ಮದುವೆ ಲಗ್ನಪತ್ರಿಕೆಗಳ ನಡುವಿನಿಂದ ಆರ್‌ಸಿ ಬಂತು. ಮೈಸೂರು ರಾಜ್ಯದ ಮೊಹರು! ಅಂದಮೇಲೆ 1973ರ ನವೆಂಬರ್‌ಗಿಂತ ಹಿಂದಿನದು. ಒಳಗೆ ನೋಂದಣಿ 1972 ಎಂದಿತ್ತು. ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆಯಲ್ಲಿ ಪ್ಲೇಟ್ ಉಜ್ಜಿ ಚಾಸಿಸ್ ನಂಬರ್ ತಾಳೆ ನೋಡಿದೆ. ಸರಿಹೋಯಿತು. ಅಜ್ಜನ 68 ಅಲ್ಲ, ಬೆಂಗಳೂರಿನವರ 75 ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದರೆ ಟ್ರ್ಯಾಕ್ಟರ್ ಸದ್ದು. ಅಂಬಾಸಿಡರ್‌ಗೆ ಕಂಪನಿಯೇ ಡೀಸೆಲ್ ಇಂಜಿನ್ ಕೊಟ್ಟದ್ದು 1980ರ ಸುಮಾರಿಗೆ. ಆರ್‌ಸಿಯ ಹಿಂದಿನ ಪುಟದಲ್ಲಿ ಇಂಜಿನ್ ಬದಲಾವಣೆಯ ನಮೂದು ಇತ್ತು. ಕೆಲಸ ಮಾಡಿದ್ದು ಕುರುಗೋಡಿನ ಮೇಸ್ತ್ರಿ ಎಂದು ಅಜ್ಜಿಗೆ ನೆನಪಿತ್ತು. ದೊಡ್ಡ ಬಸವೇಶ್ವರ ಗುಡಿಯ ಹತ್ತಿರ ವಿಚಾರಿಸಿಕೊಂಡು ಅವರ ಮನೆಗೆ ಹೋದೆವು. ‘ಪೆಟ್ರೋಲ್ ರೇಟ್ ಜಾಸ್ತಿ ಆತು ಅಂತ ನಿಮ್ಮಜ್ಜನೇ ಹಾಕಿಸಿದ್ದಪ್ಪಾ. ಗ್ರಿಲ್ಲು ಎತ್ತಿನ ಗಾಡಿಗೆ ಗುದ್ದಿ ಹೋಗಿತ್ತು’ ಎಂದರು ಮೇಸ್ತ್ರಿ. ಹಳೇ ಗ್ರಿಲ್ ಅವರ ಹಿತ್ತಲಲ್ಲೇ ಇತ್ತು, ಕೋಳಿಗೂಡಿನ ಬಾಗಿಲಾಗಿ. ಇಂಜಿನ್ ಎಂದೋ ಗುಜರಿ ಸೇರಿತ್ತು.

ವಾಪಸ್ ಬರುವಾಗ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಇಂಜಿನ್ ವಿಷಯ ಫೋಟೊದಲ್ಲಿ ಕಾಣುವುದಿಲ್ಲ. ಹೇಳಿದರೆ ವಿಂಟೇಜ್ ಬೆಲೆ ಸಿಗುವುದು ಕಷ್ಟ. ನಾನೂ ಏನೂ ಹೇಳಲಿಲ್ಲ, ಫೀಸು ಕಟ್ಟಬೇಕಾದವನು ಅವನು.

ರಾತ್ರಿ ಜಾಹೀರಾತು ತಿದ್ದಿದ: ‘1972ರ ನೋಂದಣಿ, ಮಾರ್ಕ್ 2. ಡೀಸೆಲ್ ಇಂಜಿನ್ ಆಮೇಲೆ ಹಾಕಿದ್ದು. ಮೂಲ ಗ್ರಿಲ್ ಇದೆ.’

ಬೆಂಗಳೂರಿನವರು ಮತ್ತೆ ಫೋನ್ ಮಾಡಿದ್ದಾರೆ. ಗುಜರಿ ರೇಟಿಗಿಂತ ಮೇಲೆ, ಗೆಳೆಯ ಕೇಳಿದ್ದಕ್ಕಿಂತ ಕೆಳಗೆ. ಮುಂದಿನ ಭಾನುವಾರ ಬರುತ್ತಾರಂತೆ. ಮೇಸ್ತ್ರಿಗೆ ಕೋಳಿಗೂಡಿಗೊಂದು ಬಾಗಿಲು ಮಾಡಿಸಿಕೊಡಬೇಕು.