ಅಟ್ಟದಲ್ಲಿ ಪಕ್ವವಾಗುವ ಮಧು

ದ್ರಾಕ್ಷಾಮದ್ಯಕ್ಕೆ ತಂಪಾದ ನೆಲಮಾಳಿಗೆಯೇ ಯೋಗ್ಯವಾದ ನೆಲೆಯೆಂದೂ, ಬಿಸಿಲಿನ ತಾಪ, ಚಳಿಯ ಕೊರೆತ, ಗಾಳಿಯ ಸಂಪರ್ಕಗಳು ಅದರ ಗುಣವನ್ನು ಕೆಡಿಸುವುವೆಂದೂ ಬಲ್ಲವರು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಮಧ್ಯ ಇಟಲಿಯ ಟಸ್ಕನಿ ಪ್ರಾಂತದವರು, ಅತಿಥಿಸತ್ಕಾರಕ್ಕೆಂದು ಆದರದಿಂದ ಕಾಪಿಡುವ ‘ವಿನ್ ಸಾಂತೊ’ ಎಂಬ ಸಿಹಿಮದ್ಯವನ್ನು ನೆಲಮಾಳಿಗೆಗೆ ಇಳಿಸದೆ, ಹೆಂಚಿನ ಸೂರಿನ ಕೆಳಗಿನ ಅಟ್ಟಕ್ಕೇರಿಸಿ, ಋತುಗಳ ವಶಕ್ಕೆ ಒಪ್ಪಿಸಿಬಿಡುತ್ತಾರೆ. ಉಳಿದೆಡೆ ದೋಷವೆನಿಸಿದುದು ಇಲ್ಲಿ ಗುಣವಾಗಿ ಪರಿಣಮಿಸುವುದೇ ಇದರ ವೈಶಿಷ್ಟ್ಯ.

ಇದಕ್ಕೆ ಮುಖ್ಯವಾಗಿ ಬೇಕಾದುವು ತ್ರೆಬ್ಬಿಯಾನೊ ಮತ್ತು ಮಾಲ್ವಸಿಯಾ ಎಂಬ ಬಿಳಿಯ ದ್ರಾಕ್ಷಿಗಳು. ಸುಗ್ಗಿಯಲ್ಲಿ ಕೊಯ್ದ ಗೊಂಚಲುಗಳಿಂದ ಒಡಕು ಕೊಳಕಿಲ್ಲದವುಗಳನ್ನು ಆರಿಸಿ, ಒಂದಕ್ಕೊಂದು ತಾಗದಂತೆ ತೊಲೆಗಳಿಗೆ ತೂಗುಹಾಕುತ್ತಾರೆ. ಇಲ್ಲವೆ ಜೊಂಡಿನ ಚಾಪೆಗಳ ಮೇಲೆ ಹರಡುತ್ತಾರೆ. ತೆರೆದ ಕಿಟಕಿಗಳ ಗಾಳಿಗೆ ನೀರಿನಂಶವು ತಿಂಗಳುಗಟ್ಟಲೆ ಆರುತ್ತ ಬಂದು, ಸಿಪ್ಪೆ ಸುಕ್ಕುಗಟ್ಟಿ, ಮಾಧುರ್ಯವೂ ಆಮ್ಲತೆಯೂ ಹಣ್ಣಿನೊಳಗೇ ಸಾಂದ್ರವಾಗುತ್ತವೆ. ನಡುನಡುವೆ ಬೂಷ್ಟು ಹಿಡಿದ ಹಣ್ಣುಗಳನ್ನು ಕೈಯಿಂದಲೇ ಬಿಡಿಸಿ ತೆಗೆಯಬೇಕು. ಚಳಿಗಾಲದಲ್ಲಿ ಹಿಂಡಿದಾಗ ಒಸರುವ ರಸವು ಅತ್ಯಲ್ಪ. ಆದರೆ ಅದರ ಸಿಹಿ ಅಗಾಧ.

ಆ ರಸವನ್ನು ‘ಕರತೆಲ್ಲಿ’ ಎಂಬ ಸಣ್ಣ ಪೀಪಾಯಿಗಳಲ್ಲಿ ತುಂಬುವರು. ಮೊಸರಿಗೆ ಹೆಪ್ಪು ಹಾಕುವಂತೆ, ಹಿಂದಿನ ಮದ್ಯದ ಗಸಿಯನ್ನು ಅದರೊಡನೆ ಬೆರೆಸುವ ವಾಡಿಕೆಯೂ ಇದೆ. ಬಳಿಕ ಬಾಯಿಯನ್ನು ಭದ್ರವಾಗಿ ಮುಚ್ಚಿ ಮುದ್ರೆಯೊತ್ತಿದರೆ, ವರ್ಷಗಟ್ಟಲೆ ಅದನ್ನು ಯಾರೂ ತೆರೆಯರು. ಚಳಿಗಾಲದಲ್ಲಿ ಹುದುಗುವ ಕ್ರಿಯೆ ಸ್ತಬ್ಧವಾಗುವುದು. ಬೇಸಗೆಯಲ್ಲಿ ಸೂರು ಕಾದೊಡನೆ ಪುನಃ ಚೇತರಿಸುವುದು. ಮರದ ಸೂಕ್ಷ್ಮ ರಂಧ್ರಗಳಿಂದ ತುಸು ತುಸುವೇ ಆವಿಯಾಗುತ್ತ, ಗಾಳಿಯ ಸೋಂಕಿನಿಂದ ವರ್ಣವು ಹೊಂಬಣ್ಣದಿಂದ ಕಂದಿಗೆ ತಿರುಗುತ್ತ, ಒಣಹಣ್ಣು, ಅಕ್ರೋಟು, ಜೇನುಗಳ ಪರಿಮಳವು ಮೈದೋರುತ್ತದೆ. ಕಿಯಾಂತಿ ಪ್ರದೇಶದ ನಿಯಮವು ಕನಿಷ್ಠ 3 ವರ್ಷಗಳ ಅವಧಿಯನ್ನು ವಿಧಿಸಿದ್ದರೆ, ಮೊಂತೆಪುಲ್ಚಾನೊದ ಅವಿನ್ಯೊನೇಸಿ ಸಂಸ್ಥೆಯು 50 ಲೀಟರಿನ ಪೀಪಾಯಿಗಳಲ್ಲಿ 10 ವರ್ಷ ಇರಿಸುವುದಕ್ಕೆ ಪ್ರಸಿದ್ಧವಾಗಿದೆ.

ಒಂದೇ ರಸವನ್ನು ತುಂಬಿದ ಅಕ್ಕಪಕ್ಕದ ಪೀಪಾಯಿಗಳಲ್ಲಿ ಒಂದು ಅತಿಮಧುರವಾಗಿಯೂ ಮತ್ತೊಂದು ಸಿಹಿ ಕುಗ್ಗಿದುದಾಗಿಯೂ ಪರಿಣಮಿಸಬಹುದು. ಒಮ್ಮೊಮ್ಮೆ ಕೆಟ್ಟು ಹುಳಿತು ಹೋಗುವುದೂ ಉಂಟು. ಆದುದರಿಂದ ಪ್ರತಿಯೊಂದನ್ನೂ ತೆರೆದು, ಮೂಸಿ, ರುಚಿನೋಡಿ, ಹದವರಿತು ಬೆರೆಸುವಲ್ಲಿಯೇ ಮನುಷ್ಯನ ವಿವೇಕಕ್ಕೆ ಪರೀಕ್ಷೆ. ಬಾದಾಮಿಯ ಗರಿಗರಿಯಾದ ‘ಕಂತುಚ್ಚಿ’ ಬಿಸ್ಕತ್ತನ್ನು ಇದರಲ್ಲಿ ಅದ್ದಿ ತಿನ್ನುವುದು ಅಲ್ಲಿನ ಊಟದ ಮಂಗಳ. ಮದ್ಯಸಾರವನ್ನು ಸೇರಿಸಿ ಅವಸರದಲ್ಲಿ ಸಿದ್ಧಗೊಳಿಸಿದ ‘ಲಿಕ್ವೊರೊಸೊ’ ಎಂಬ ಅಗ್ಗದ ಬಗೆಯೂ ಇದೇ ಹೆಸರಿನಿಂದ ಬಿಕರಿಯಾಗಿರುವುದು ಖೇದದ ಸಂಗತಿ. ಅದರಲ್ಲಿ ಸಿಹಿಯಿದ್ದೀತು, ಆದರೆ ಚಳಿ ಬೇಸಗೆಗಳು ಸರದಿಯಿಂದ ದುಡಿದು ತಂದ ಪಾಕವು ಬಾರದು.