ಗರ್ಭಿಣಿಯ ನಿಶ್ಶಕ್ತಿ ಮತ್ತು ಸ್ನಾಯುಗಳ ಉರಿಯೂತ

ಗರ್ಭಿಣಿಗೆ ಆಯಾಸ ಸಹಜ. ಆದರೆ ಆಯಾಸ ಬೇರೆ, ಸ್ನಾಯುಗಳ ಬಲಹೀನತೆ ಬೇರೆ. ತುಂಬು ಬಸುರಿ ಕೈಯೂರಿ ಮೇಲೇಳುವುದರಲ್ಲಿ ವಿಶೇಷವಿಲ್ಲ. ಮೂರನೆಯ ತಿಂಗಳಲ್ಲಿಯೇ ರೊಟ್ಟಿ ಬಡಿದು ಏಳಲಾಗದಿದ್ದರೆ, ತಲೆ ಬಾಚಲು ಎತ್ತಿದ ತೋಳು ಸೋತು ಇಳಿದರೆ, ಪೂಜೆಯಲ್ಲಿ ಇಷ್ಟಲಿಂಗ ಹಿಡಿದ ಎಡಗೈ ನಿಲ್ಲದಿದ್ದರೆ ಮನೆಯವರು ಅದನ್ನು ಬಸುರಿಯ ಸುಸ್ತೆಂದು ತಳ್ಳಿಹಾಕಬಾರದು.

ದೇಹದ ರಕ್ಷಣಾಶಕ್ತಿಯೇ ತನ್ನ ಸ್ನಾಯುಗಳ ಮೇಲೆರಗುವ ವಿರಳ ವ್ಯಾಧಿಯೊಂದಿದೆ. ಅದಕ್ಕೆ ಮಯೋಸೈಟಿಸ್ ಎನ್ನುವರು. ಕಣ್ಣುರೆಪ್ಪೆಯ ಮೇಲೆ ನೇರಳೆಗೆಂಪು, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಕಂಡರೆ ಅದು ಡರ್ಮಟೊಮಯೋಸೈಟಿಸ್ ಇರಬಹುದು. ಬಹುಪಾಲು ಇದು ಗರ್ಭಧಾರಣೆಗೆ ಮುಂಚೆಯೇ ಇರುತ್ತದೆ. ಅಪರೂಪಕ್ಕೆ ಬಸುರಿನಲ್ಲಿ ಮೊದಲು ತಲೆದೋರುವುದುಂಟು. ಸಿ.ಪಿ.ಕೆ. ಎಂಬ ರಕ್ತಪರೀಕ್ಷೆ ಸುಳಿವು ನೀಡುತ್ತದೆ. ಥೈರಾಯ್ಡ್ ದೋಷದಿಂದಲೂ ಹೀಗಾಗಬಹುದಾದ್ದರಿಂದ ಅದನ್ನೂ ನೋಡಿಸಬೇಕು.

ಚರಕಾಚಾರ್ಯರು ಹೇಳಿದ ಮಾಂಸಗತ ವಾತದ ಲಕ್ಷಣಗಳು ಇದಕ್ಕೆ ಹತ್ತಿರವೆನಿಸಿದರೂ ಎರಡೂ ಒಂದೇ ಎನ್ನಲು ನಾನು ಒಪ್ಪೆನು. ಇಲ್ಲಿ ನೋವಿಗಿಂತ ಬಲಕ್ಷಯವೇ ಪ್ರಧಾನ. ಗರ್ಭಿಣಿಯನ್ನು ಎಣ್ಣೆ ತುಂಬಿದ ಪಾತ್ರೆಯಂತೆ ಜೋಪಾನ ಮಾಡಬೇಕೆಂದವರೂ ಅವರೇ. ಆದ್ದರಿಂದ ವಮನ, ವಿರೇಚನ, ಬಿರುಸಾದ ಮರ್ದನ, ಲೋಹಭಸ್ಮಗಳು ಈ ಸ್ಥಿತಿಯಲ್ಲಿ ಬೇಡ. ಹಾಲು, ತುಪ್ಪ, ತೊಗರಿಬೇಳೆಯ ಪಥ್ಯ ಪೋಷಣೆಗೆ ಒಳ್ಳೆಯದು. ಉರಿಯೂತವನ್ನು ತಣಿಸುವುದು ಅದರ ಕೆಲಸವಲ್ಲ.

ಹೆಚ್ಚಿನ ಅನಾಹುತ ನಡೆಯುವುದು ಔಷಧದ ವಿಷಯದಲ್ಲಿ. ಬಸುರಾದೊಡನೆ ಮಗುವಿಗೆ ಕೇಡೆಂದು ಎಲ್ಲ ಮಾತ್ರೆಗಳನ್ನೂ ಬಿಟ್ಟುಬಿಡುವವರಿದ್ದಾರೆ. ಪ್ರೆಡ್ನಿಸೊಲೋನ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ತಾಯಿಯ ಪ್ರಾಣಕ್ಕೇ ಅಪಾಯ. ಅದನ್ನೂ ಅಜಾಥಯೋಪ್ರಿನ್ ಅನ್ನೂ ವೈದ್ಯರ ನಿಗಾದಲ್ಲಿ ಬಸುರಿನಲ್ಲಿ ಮುಂದುವರಿಸಬಹುದು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಮಾತ್ರ ಗರ್ಭಕ್ಕೆ ಹಾನಿಕರ. ಅವನ್ನು ಗರ್ಭಧಾರಣೆಗೆ ಮುನ್ನವೇ ಬದಲಿಸಬೇಕು, ತಿಳಿಯದೆ ಬಸುರಾಗಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ರೋಗ ಕನಿಷ್ಠ 6 ತಿಂಗಳು ಶಾಂತವಾಗಿದ್ದ ಮೇಲೆ ಬಸುರಾಗುವುದು ಕ್ಷೇಮ. ಉಲ್ಬಣಿಸಿದ್ದಾಗ ಗರ್ಭಪಾತ, ಅಕಾಲಿಕ ಹೆರಿಗೆ, ಕಡಿಮೆ ತೂಕದ ಶಿಶು ಇವುಗಳ ಸಂಭವ ಹೆಚ್ಚು.

ಗರ್ಭಕೋಶದ ಸ್ನಾಯು ಬೇರೆ ಜಾತಿಯದು. ಈ ರೋಗ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಹೀಗಾಗಿ ಸಹಜ ಹೆರಿಗೆ ಅಸಾಧ್ಯವೇನಲ್ಲ.

ಅಂದೋಲಾ, ಜೇವರ್ಗಿ ಭಾಗದ ತಾಯಂದಿರು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಈ ತೊಂದರೆಯನ್ನು ಬಾಯಿಬಿಟ್ಟು ಹೇಳಬೇಕು. ನುಂಗುವಾಗ ನೀರು ಮೂಗಿಗೆ ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ 9ನೆಯ ತಾರೀಖಿಗೆ ಕಾಯದೆ 108ಕ್ಕೆ ಕರೆಮಾಡಿ ಕಲಬುರಗಿಯ ದೊಡ್ಡ ಆಸ್ಪತ್ರೆ ಸೇರಬೇಕು. ಹೆರಿಗೆಯ ನಂತರವೂ ರೋಗ ಮರುಕಳಿಸಬಹುದು. ಬಾಣಂತನಕ್ಕೆ ತವರಿಗೆ ಹೊರಡುವಾಗ ತಾಯಿ ಕಾರ್ಡಿನ ಜೊತೆಗೆ ಔಷಧದ ಚೀಟಿಯನ್ನೂ ಒಯ್ಯಿರಿ.